ಮನೆಯಲ್ಲೇ ಮಾಡುವ ಗಾಳಿಯಂತ್ರದ ರೆಕ್ಕೆಗೆ ಯಾವ ವಸ್ತು? ಪಿವಿಸಿ, ಮರ, ಅಲ್ಯೂಮಿನಿಯಂ, ಗಾಜಿನ ನಾರು (ಫೈಬರ್‌ಗ್ಲಾಸ್)

ಗಾಳಿಗೂಟ

ಪ್ರಶ್ನೆ 2.4 ಮೀಟರ್ ವ್ಯಾಸದ, ಮೂರು ರೆಕ್ಕೆಯ ಟರ್ಬೈನ್ ಬಗ್ಗೆ. ಜನರೇಟರ್ ಕಾಯಂ ಅಯಸ್ಕಾಂತದ್ದು, ಗೇರ್ ಇಲ್ಲ. ಗಾಳಿ ಸೆಕೆಂಡಿಗೆ 10 ಮೀಟರ್ ಇದ್ದಾಗ 600–700 ವಾಟ್ ಬಂದರೆ ಸಾಕು. ಕಂಬ 12 ಮೀಟರ್. ಬಿಸಿಲೂ ಜೋರು, ಮಳೆಯೂ ಜೋರು. ವೀಡಿಯೊಗಳಲ್ಲಿ ನೋಡಿದರೆ ಎಲ್ಲರೂ ಪಿವಿಸಿ ಪೈಪ್ ಸೀಳುತ್ತಾರೆ. ಗಟ್ಟಿ ಅಂದರೆ ಅಲ್ಯೂಮಿನಿಯಂ ಅನ್ನಿಸುತ್ತೆ. ಮರ ಮಳೆಗೆ ನಿಲ್ಲುತ್ತಾ? ಹಳೇ ಸೀಲಿಂಗ್ ಫ್ಯಾನಿನ ರೆಕ್ಕೆಗಳೂ ಕೈಯಲ್ಲಿವೆ. ಯಾವುದು, ಯಾಕೆ ಅಂತ ತಿಳಿದವರು ಹೇಳಿ.

ಉಳಿಬಾಚಿ

ಫ್ಯಾನ್ ರೆಕ್ಕೆ ಪಕ್ಕಕ್ಕಿಡಿ. ಅದು ಮೋಟಾರಿನ ಬಲದಿಂದ ಗಾಳಿಯನ್ನು ನಿಧಾನಕ್ಕೆ ತಳ್ಳೋಕೆ ಮಾಡಿದ ಅಗಲದ ತೆಳು ತಗಡು. ಗಾಳಿಯಿಂದ ಬಲ ಹೀರೋ ರೆಕ್ಕೆಗೆ ಬೇಕಾದ ತಿರುಚೂ ಅದಕ್ಕಿಲ್ಲ, ದಪ್ಪವೂ ಇಲ್ಲ.

ಉಳಿದ ನಾಲ್ಕರಲ್ಲಿ ಈ ಅಳತೆಗೆ ಮರ.

ಸುತ್ತುಲೆಕ್ಕ

ವಸ್ತುವಿನ ಹೆಸರಿಗಿಂತ ಮೊದಲು ರೆಕ್ಕೆಯ ಮೇಲೆ ಬೀಳುವ ಹೊರೆ ನೋಡೋಣ. ತುದಿಯ ವೇಗ ಗಾಳಿಯ ವೇಗದ 6 ಪಟ್ಟು ಅಂತ ಇಟ್ಟುಕೊಂಡರೆ, 10 ಮೀಟರ್ ಗಾಳಿಗೆ ತುದಿ ಸೆಕೆಂಡಿಗೆ 60 ಮೀಟರ್ ಓಡುತ್ತದೆ, ಅಂದರೆ ನಿಮಿಷಕ್ಕೆ ಸುಮಾರು 480 ಸುತ್ತು. ರೆಕ್ಕೆಯ ತೂಕ 1.2 ಕೆ.ಜಿ., ಅದರ ಗುರುತ್ವಕೇಂದ್ರ ಅಕ್ಷದಿಂದ 40 ಸೆಂ.ಮೀ. ದೂರದಲ್ಲಿದ್ದರೆ ಹೊರಗೆಳೆಯುವ ಬಲ 1200 ನ್ಯೂಟನ್, ಸುಮಾರು 120 ಕೆ.ಜಿ. ಜಗ್ಗಿದ ಹಾಗೆ. ಬ್ಯಾಟರಿ ತಂತಿ ಕಡಿದು ಹೊರೆಯಿಲ್ಲದೆ ಸುತ್ತು ಇಮ್ಮಡಿಯಾದರೆ ಈ ಬಲ ನಾಲ್ಮಡಿ.

ಇಷ್ಟಾದರೂ ಜಗ್ಗುವ ಬಲ ಮರಕ್ಕೆ ದೊಡ್ಡದಲ್ಲ. ಬುಡದಲ್ಲಿ 150×45 ಮಿ.ಮೀ. ಇದ್ದರೆ ಆ 1200 ನ್ಯೂಟನ್ ಲೆಕ್ಕಕ್ಕೇ ಬರುವುದಿಲ್ಲ. ಕಾಡುವುದು ಬಾಗುವಿಕೆ. ಸೆಕೆಂಡಿಗೆ 12 ಮೀಟರ್ ಗಾಳಿಯಲ್ಲಿ ಇಡೀ ಚಕ್ರದ ಮೇಲಿನ ಒತ್ತು ಸುಮಾರು 350 ನ್ಯೂಟನ್, ರೆಕ್ಕೆಯೊಂದಕ್ಕೆ 115–120. ಅದು ಮೂರನೇ ಎರಡರಷ್ಟು ದೂರದಲ್ಲಿ, ಅಂದರೆ 80 ಸೆಂ.ಮೀ. ಹತ್ತಿರ ಬಿದ್ದ ಹಾಗೆ ವರ್ತಿಸುತ್ತದೆ. ಚಕ್ರ ಸುತ್ತುತ್ತಿರುವಾಗಲೇ ಯಂತ್ರದ ಹಿಂದಿನ ಬಾಲ ಅದನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ ಬುಗುರಿಯ ಹಾಗೆ ಅಡ್ಡಬಲವೊಂದು ಹುಟ್ಟಿ ಇದಕ್ಕೆ ಸೇರಿಕೊಳ್ಳುತ್ತದೆ.

ಆದ್ದರಿಂದ ಕೇಳಬೇಕಾದ್ದು "ಯಾವುದು ಗಟ್ಟಿ" ಅಂತಲ್ಲ, "ಒಂದೇ ತೂಕಕ್ಕೆ ಯಾವುದು ಕಡಿಮೆ ಬಾಗುತ್ತದೆ" ಅಂತ. ಪಟ್ಟಿಯ ಬಾಗು ತಡೆಯುವ ಶಕ್ತಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಹಗುರ ವಸ್ತುವಿಗೆ ಅದೇ ತೂಕದಲ್ಲಿ ಹೆಚ್ಚು ದಪ್ಪ ಸಿಗುತ್ತದೆ. ಎಲ್ಲವೂ ಒಂದೇ ಉದ್ದ, ಅಗಲ, ತೂಕದ ಗಟ್ಟಿ ಪಟ್ಟಿ ಅಂತಿಟ್ಟು ಲೆಕ್ಕ ಹಾಕಿ:

ಪೈನ್ ಜಾತಿಯ ಮರ: ಸಾಂದ್ರತೆ ಘನ ಮೀಟರಿಗೆ 500 ಕೆ.ಜಿ., ಸ್ಥಿತಿಸ್ಥಾಪಕ ಗುಣಾಂಕ (ವಸ್ತುವಿನ ಬಿಗಿತದ ಅಳತೆ) ಸುಮಾರು 10 ಗಿಗಾಪಾಸ್ಕಲ್
ಅಲ್ಯೂಮಿನಿಯಂ: 2700, 69
ಪಿವಿಸಿ: 1400, 3
ಕೈಯಲ್ಲಿ ಹಚ್ಚಿದ ಗಾಜಿನ ನಾರು: 1900, ಸುಮಾರು 25

ಗುಣಾಂಕವನ್ನು ಸಾಂದ್ರತೆಯ ಘನದಿಂದ ಭಾಗಿಸಿದರೆ ಮರದ ಪಟ್ಟಿ ಅಲ್ಯೂಮಿನಿಯಂಗಿಂತ 20 ಪಟ್ಟಿಗೂ ಮೇಲೆ, ಪಿವಿಸಿಗಿಂತ 70 ಪಟ್ಟು ಬಿಗಿ. ಮರ ಗೆಲ್ಲುವುದು ಹಳೇ ಪದ್ಧತಿಯ ಮೇಲಿನ ಮಮತೆಯಿಂದಲ್ಲ.

ರಾಳದಡಬ್ಬಿ

ಲೆಕ್ಕ ಸರಿ, ಹೋಲಿಕೆ ಸರಿಯಿಲ್ಲ. ಗಾಜಿನ ನಾರನ್ನು ಗಟ್ಟಿ ಪಟ್ಟಿಯಾಗಿ ಯಾರು ಎರಕ ಹೊಯ್ಯುತ್ತಾರೆ ಸಾರ್? ಒಳಗೆ ಹಗುರ ಫೋಮ್, ಹೊರಗೆ 1–1.5 ಮಿ.ಮೀ. ಚರ್ಮ. ಆಗ ದಪ್ಪದ ಲಾಭ ಅದಕ್ಕೂ ಸಿಗುತ್ತೆ, ಮರದ ಹತ್ತಿರಕ್ಕೆ ಬರುತ್ತೆ. ಮೇಲಾಗಿ ನೀರು ಕುಡಿಯಲ್ಲ, ಗೆದ್ದಲು ಹಿಡಿಯಲ್ಲ. ಅಚ್ಚು ಒಂದಿದ್ದರೆ ಮೂರು ರೆಕ್ಕೆಯೂ ಅಚ್ಚುಕಟ್ಟಾಗಿ ಒಂದೇ ಥರ. ಕೈಯಲ್ಲಿ ಕೆತ್ತಿದ ಮೂರು ಮರದ ರೆಕ್ಕೆಗಳಲ್ಲಿ ಈ ಭಾಗ್ಯ ಇಲ್ಲ.

ಸುತ್ತುಲೆಕ್ಕ

ಒಪ್ಪಿದೆ, ಒಳತಿರುಳು ಇದ್ದರೆ ಚಿತ್ರ ಬೇರೆ. ಈಗಿನ ದೈತ್ಯ ಟರ್ಬೈನ್‌ಗಳ ರೆಕ್ಕೆಗಳೂ ಗಾಜಿನ ನಾರಿನ ಚರ್ಮದ ನಡುವೆ ಬಾಲ್ಸಾ ಮರ ಅಥವಾ ಫೋಮ್ ಇಟ್ಟೇ ಆಗುವುದು. ಆದರೆ ಅಚ್ಚು ಮಾಡುವ ಶ್ರಮ ಒಂದೇ ಸೆಟ್ ರೆಕ್ಕೆಗೆ ತೀರಾ ಹೆಚ್ಚು.

ಗಾಳಿಗೂಟ

ಅಲ್ಯೂಮಿನಿಯಂ ತಗಡನ್ನು ಮಡಚಿ ಪೊಳ್ಳು ರೆಕ್ಕೆ ಮಾಡಿದರೆ? ಅದಕ್ಕೂ ದಪ್ಪದ ಲಾಭ ಬರುತ್ತಲ್ಲ.

ಸುತ್ತುಲೆಕ್ಕ

ಬಿಗಿತ ಬರುತ್ತದೆ, ಆಯಸ್ಸು ಬರುವುದಿಲ್ಲ. ರೆಕ್ಕೆ ಒಂದು ಸುತ್ತು ಹಾಕಿದಾಗಲೆಲ್ಲ ಅದರ ಸ್ವಂತ ತೂಕ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಾಗಿಸುತ್ತದೆ. ನಿಮಿಷಕ್ಕೆ ಸರಾಸರಿ 300 ಸುತ್ತು ಅಂದರೂ ದಿನಕ್ಕೆ 4,32,000 ಸಲ. 24 ದಿನದೊಳಗೆ ಒಂದು ಕೋಟಿ ದಾಟಿತು. ಉಕ್ಕಿಗೆ ಒಂದು ಮಿತಿ ಇದೆ, ಅದಕ್ಕಿಂತ ಕಡಿಮೆ ಒತ್ತಡದಲ್ಲಿ ಎಷ್ಟು ಸಲ ಬಾಗಿದರೂ ಬಿರುಕು ಹುಟ್ಟುವುದಿಲ್ಲ ಎನ್ನಬಹುದು. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯೇ ಇಲ್ಲ. ಸಣ್ಣ ಒತ್ತಡವೂ ಕೂಡುತ್ತಾ ಹೋಗುತ್ತದೆ. ರಿವೆಟ್ ತೂತಿನ ಅಂಚು, ಮಡಚಿದ ಮೂಲೆ, ಬುಡದ ಬೋಲ್ಟ್ ತೂತು, ಈ ಮೂರು ಕಡೆ ಕೂದಲೆಳೆಯಂಥ ಬಿರುಕು ಶುರುವಾಗುತ್ತದೆ. ಕೆಳಗೆ ನಿಂತವರಿಗೆ ಕಾಣಿಸುವುದಿಲ್ಲ. ಮುರಿಯುವಾಗ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ.

ದೊಡ್ಡವರೂ ಲೋಹದ ದಣಿವಿನಿಂದ ತಪ್ಪಿಸಿಕೊಳ್ಳಲಿಲ್ಲ. ಅಮೆರಿಕದ ವರ್ಮಾಂಟಿನಲ್ಲಿ 1941ರಲ್ಲಿ ನಿಲ್ಲಿಸಿದ 1.25 ಮೆಗಾವಾಟಿನ ಸ್ಮಿತ್–ಪುಟ್ನಮ್ ಯಂತ್ರದ ರೆಕ್ಕೆಗಳು ಉಕ್ಕಿನವು, ಒಂದೊಂದು ಸುಮಾರು 8 ಟನ್. 1945ರ ಮಾರ್ಚ್‌ನಲ್ಲಿ ಒಂದು ಬುಡದ ಬಳಿ ಮುರಿದು ಹಾರಿತು, ಯೋಜನೆ ಅಲ್ಲಿಗೇ ನಿಂತಿತು. ಅತ್ತ 1930ರ ದಶಕದಿಂದ ಹೊಲಮನೆಗಳಿಗೆ ಕರೆಂಟ್ ಕೊಟ್ಟ ಜೇಕಬ್ಸ್ ಯಂತ್ರಗಳಿಗೆ ಇದ್ದದ್ದು ಸ್ಪ್ರೂಸ್ ಮರದ ಮೂರು ರೆಕ್ಕೆ.

ಕಂಬದಮೇಲೆ

ತಗಡಿನ ರೆಕ್ಕೆಗೆ ಇನ್ನೊಂದು ದೋಷ, ಸದ್ದು. ಪೊಳ್ಳು ತಗಡು ಡಬ್ಬಿಯ ಹಾಗೆ ಮೊಳಗುತ್ತೆ, ರಾತ್ರಿ ನಿದ್ದೆ ಇರಲ್ಲ.

ಗಾಳಿಗೂಟ

ಸರಿ, ಅಲ್ಯೂಮಿನಿಯಂ ಬಿಟ್ಟೆ. ಪಿವಿಸಿ ಪೂರ್ತಿ ಬೇಡವೇ ಬೇಡವಾ? ಅರ್ಧ ದಿನದಲ್ಲಿ ಮುಗಿಯೋ ಕೆಲಸ ಅದು.

ಉಳಿಬಾಚಿ

1.2 ಮೀಟರ್, ಎಳೆದರೆ 1.5 ಮೀಟರ್ ವ್ಯಾಸದವರೆಗೆ, ಕಲಿಯೋಕೆ ಮಾಡಿ. 2.4ಕ್ಕೆ ಬೇಡ. ಪಿವಿಸಿ 60 ಡಿಗ್ರಿ ದಾಟಿದರೆ ಮೆತ್ತಗಾಗ್ತಾ ಬರುತ್ತೆ, 80ರ ಹತ್ತಿರ ಪೂರ್ತಿ ಸೋಲುತ್ತೆ. ಕಡುಬಣ್ಣ ಬಳಿದ ಪೈಪು ನಿಂತ ಗಾಳಿಯಲ್ಲಿ, ಉರಿಬಿಸಿಲಲ್ಲಿ ಮೊದಲನೇ ಮಟ್ಟಕ್ಕೆ ಸುಲಭವಾಗಿ ಹೋಗುತ್ತೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ವರ್ಷಗಳಲ್ಲಿ ಪೆಡಸಾಗುತ್ತೆ, ಆಮೇಲೆ ಚಳಿಯ ಬೆಳಗಲ್ಲಿ ಗಾಜಿನ ಹಾಗೆ ಒಡೆಯುತ್ತೆ. ಉದ್ದ ಹೆಚ್ಚಾದರೆ ತುದಿ ತಿರುಚಿಕೊಂಡು ಪಟಪಟ ಹೊಡೆಯೋಕೆ ಶುರು. ಆ ಸದ್ದು ಬಂತು ಅಂದರೆ ಮುರಿಯೋಕೆ ಹತ್ತಿರ ಅಂತಲೇ ಅರ್ಥ.

ಸಣ್ಣದಕ್ಕೆ ಮಾಡೋದಾದರೆ 160 ಮಿ.ಮೀ. ಪೈಪು, ಗೋಡೆ ಕನಿಷ್ಠ 5 ಮಿ.ಮೀ. ಚರಂಡಿಗೆ ಹಾಕೋ ತೆಳು ಪೈಪು ಬೇಡ, ಒತ್ತಡದ ನೀರಿನ ಪೈಪೇ ಆಗಬೇಕು. ಉದ್ದಕ್ಕೆ ನಾಲ್ಕು ಸೀಳು ಮಾಡಿದರೆ ಒಂದೊಂದು ಸುಮಾರು 125 ಮಿ.ಮೀ. ಅಗಲ ಬರುತ್ತೆ. ಬುಡದಲ್ಲಿ ಬೋಲ್ಟಿಗೆ ಚೌಕ ಬಿಟ್ಟು ಅಲ್ಲಿಂದ ತುದಿಗೆ ಓರೆಯಾಗಿ ಕೊಯ್ಯಬೇಕಲ್ಲ, ಆ ಎರಡು ಕೊಯ್ತ ಸೇರೋ ಒಳಮೂಲೆಯಲ್ಲಿ ಮೊದಲೇ 10–12 ಮಿ.ಮೀ. ದುಂಡು ತೂತು ಕೊರೀರಿ, ಆಮೇಲೆ ಗರಗಸ. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ. ಮುಂದಿನ ಅಂಚು ದುಂಡಗೆ, ಹಿಂದಿನ ಅಂಚು ತೆಳ್ಳಗೆ ಉಜ್ಜಿ. ಪೈಪನ್ನು ಒರಗಿಸಿ ಇಡಬೇಡಿ, ಬಾಗಿದ್ದು ಬಾಗಿದ ಹಾಗೇ ಉಳಿಯುತ್ತೆ.

ಬಿದಿರುಮೆಳೆ

ಬಿದಿರಿನ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ನಾರಿನ ಉದ್ದಕ್ಕೆ ಜಗ್ಗುವ ಬಲದಲ್ಲಿ ಮೆದು ಮರಕ್ಕಿಂತ ಮುಂದೆ.

ಉಳಿಬಾಚಿ

ಬಿದಿರು ಒಳ್ಳೇದೇ, ಆದರೆ ಬೊಂಬನ್ನು ಹಾಗೇ ಸೀಳಿ ಹಾಕೋಕಾಗಲ್ಲ. ಗೆಣ್ಣಿನ ಹತ್ತಿರ ನಾರು ಸೊಟ್ಟ, ಗೋಡೆ ತೆಳು. ಪಟ್ಟಿ ಸೀಳಿ, ಹೊರಗಿನ ಹಸಿರು ಮೇಣದ ಪದರ ಹೆರೆದು (ಅದರ ಮೇಲೆ ಅಂಟು ಕೂರಲ್ಲ), ಒಳಗಿನ ಮೆದು ಭಾಗ ತೆಗೆದು, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಲ್ಲಿ ನೆನೆಸಿ ಒಣಗಿಸಿ, ಗೆಣ್ಣುಗಳು ಒಂದೇ ಸಾಲಿಗೆ ಬರದ ಹಾಗೆ ಎಪಾಕ್ಸಿಯಲ್ಲಿ ಅಂಟಿಸಬೇಕು. ನೆನೆಸೋದು ತಪ್ಪಿಸಿದರೆ ಒಳಗಿನ ಪಿಷ್ಟಕ್ಕೆ ಕುಟ್ಟೆ ಹುಳ ಬಿದ್ದು ಹಿಟ್ಟಾಗುತ್ತೆ. ತೂಕ ಮರಕ್ಕಿಂತ ಜಾಸ್ತಿ. ನನ್ನ ಮಟ್ಟಿಗೆ ಅದರ ಸರಿಯಾದ ಜಾಗ ಮರದ ರೆಕ್ಕೆಯ ಮುಂದಿನ ಅಂಚಿಗೆ ಅಂಟಿಸೋ ಪಟ್ಟಿ.

ಗಾಳಿಗೂಟ

ಹಾಗಾದರೆ ಮರ. ಯಾವ ಮರ, ಹೇಗೆ ಆರಿಸೋದು? ಪ್ಲೈವುಡ್ ಆಗುತ್ತಾ?

ಉಳಿಬಾಚಿ

ಪ್ಲೈವುಡ್ ರೆಕ್ಕೆಗೆ ಬೇಡ. ಅರ್ಧದಷ್ಟು ಪದರಗಳ ನಾರು ಅಡ್ಡ ಇರುತ್ತೆ, ಉದ್ದಕ್ಕೆ ಬಾಗೋದನ್ನು ಅವು ತಡೆಯಲ್ಲ, ತೂಕ ಮಾತ್ರ ಕೊಡುತ್ತವೆ. ಕೆತ್ತಿದಾಗ ತೆರೆದುಕೊಳ್ಳೋ ಪದರದ ಅಂಚು ನೀರು ಹೀರುತ್ತೆ. ಹಬ್ಬಿನ (ಮೂರೂ ರೆಕ್ಕೆ ಸೇರೋ ನಡುಭಾಗದ) ತಟ್ಟೆಗೆ ಮಾತ್ರ ಪ್ಲೈವುಡ್, ಅಲ್ಲಿ ಬಲ ಎಲ್ಲ ದಿಕ್ಕಿಗೂ ಇರೋದರಿಂದ ಅದೇ ಸರಿ.

ಮರದ ಹೆಸರಿಗಿಂತ ಹಲಗೆ ಮುಖ್ಯ. ಪೈನ್, ಸ್ಪ್ರೂಸ್, ಸೀಡರ್, ಯಾವುದಾದರೂ ಘನ ಮೀಟರಿಗೆ 400–600 ಕೆ.ಜಿ. ಒಳಗಿರಲಿ. 10×10×4 ಸೆಂ.ಮೀ. ತುಂಡು ಕೊಯ್ದು ತೂಗಿ: 160ರಿಂದ 240 ಗ್ರಾಂ ಬಂದರೆ ಸರಿ. ತೇಗ ಇದಕ್ಕಿಂತ ಸ್ವಲ್ಪ ಭಾರ, ನೀರಿಗೆ ಜಗ್ಗಲ್ಲ. ಆದರೆ ಅದರ ಎಣ್ಣೆ ಅಂಟನ್ನು ಹಿಡಿಯಗೊಡಲ್ಲ, ಅಂಟಿಸೋ ಮುಂಚೆ ಅಸಿಟೋನ್ ಹಾಕಿ ಒರೆಸಲೇಬೇಕು. ಮತ್ತಿಯಂಥ ಭಾರದ ಮರ ಬಾಗಿಲ ಚೌಕಟ್ಟಿಗೆ ಚೆನ್ನ, ಇಲ್ಲಿಗಲ್ಲ.

ಮೂರು ಪರೀಕ್ಷೆ ಮಾಡಿ. ಮೊದಲನೇದು ತೇವ. ಒಂದು ತುಂಡು ತೂಗಿ, ಒಲೆಯಲ್ಲಿ 100 ಡಿಗ್ರಿ ಸುಮಾರಿಗೆ ತೂಕ ಇಳಿಯೋದು ನಿಲ್ಲುವ ತನಕ ಒಣಗಿಸಿ. 112 ಗ್ರಾಂ ಇದ್ದದ್ದು 100ಕ್ಕೆ ನಿಂತರೆ ತೇವಾಂಶ ನೂರಕ್ಕೆ 12. ಅದಕ್ಕಿಂತ ಹೆಚ್ಚಿದ್ದರೆ ಹಲಗೆಯನ್ನು ನೆರಳಲ್ಲಿ ಇನ್ನೂ ಒಣಗಲು ಬಿಡಿ. ಹಸಿ ಮರದಲ್ಲಿ ಕೆತ್ತಿದ ತಿರುಚು ಒಣಗಿದ ಮೇಲೆ ಬೇರೆಯೇ ತಿರುಚಾಗಿರುತ್ತೆ. ಎರಡನೇದು ನಾರಿನ ಓಟ. ತುಂಡಿನ ತಲೆಗೆ ಉಳಿ ಇಟ್ಟು ಹೊಡೆದು ಸೀಳಿ. ಗರಗಸದ ಗೆರೆ ಸುಳ್ಳು ಹೇಳಬಹುದು, ಸೀಳು ಹೇಳಲ್ಲ. 15 ಸೆಂ.ಮೀ. ಉದ್ದಕ್ಕೆ 1 ಸೆಂ.ಮೀ.ಗಿಂತ ಹೆಚ್ಚು ವಾಲಿದ್ದರೆ ಬೇಡ ಅನ್ನಿ. 10ಕ್ಕೆ 1 ವಾಲಿದರೆ ಬಾಗುವ ಬಲದಲ್ಲಿ ಐದನೇ ಒಂದು ಪಾಲು ಹೋಯ್ತು, 5ಕ್ಕೆ 1 ವಾಲಿದರೆ ಹೆಚ್ಚುಕಮ್ಮಿ ಅರ್ಧ. ಮೂರನೇದು ಗಂಟು. ತುದಿಯಿಂದ ಮೂರನೇ ಎರಡು ಭಾಗದಲ್ಲಿ ಒಂದು ಗಂಟೂ ಇರಬಾರದು. ಬುಡದಲ್ಲಿ ಕಡಲೆಕಾಳಿನಷ್ಟು ಇದ್ದರೆ, ಅಂಚಿಂದ ಒಳಗಿದ್ದರೆ ಪರವಾಗಿಲ್ಲ.

1200×150×45 ಮಿ.ಮೀ. ಅಖಂಡ ಹಲಗೆ ಗಂಟಿಲ್ಲದೆ ಸಿಗದಿದ್ದರೆ 20–25 ಮಿ.ಮೀ. ಪಟ್ಟಿಗಳನ್ನು ಅಂಟಿಸಿಕೊಳ್ಳಿ. ಪಕ್ಕಪಕ್ಕದ ಪಟ್ಟಿಗಳ ಬೆಳವಣಿಗೆ ಉಂಗುರಗಳು ಎದುರುಬದುರು ಇರಲಿ, ಆಗ ಒಂದರ ಡೊಂಕನ್ನು ಇನ್ನೊಂದು ಹಿಡಿಯುತ್ತೆ. ಅಂಟು ಎಪಾಕ್ಸಿ ಅಥವಾ ರೆಸಾರ್ಸಿನಾಲ್. ಬಿಳಿ ಮರದಂಟು ಬೇಡ, ಕಾಯಂ ಹೊರೆಯಲ್ಲಿ ನಿಧಾನ ಜಾರುತ್ತೆ, ನೆನೆದರೆ ಬಿಡುತ್ತೆ.

ಸುತ್ತುಲೆಕ್ಕ

ಅಳತೆಗಳು ಬೇಕಾದರೆ: ತುದಿವೇಗ 6 ಪಟ್ಟು, ಮೂರು ರೆಕ್ಕೆ, ಕೆಳಮೈ ಚಪ್ಪಟೆ ಇರುವ ಆಕಾರಕ್ಕೆ

ಅಕ್ಷದಿಂದ 120 ಸೆಂ.ಮೀ. (ತುದಿ): ಅಗಲ 78 ಮಿ.ಮೀ., ಕೋನ (ಚಕ್ರ ಸುತ್ತುವ ಸಮತಲಕ್ಕೆ ಚಪ್ಪಟೆ ಮೈಯ ಓರೆ) 2 ಡಿಗ್ರಿ
90 ಸೆಂ.ಮೀ.: 103 ಮಿ.ಮೀ., 4 ಡಿಗ್ರಿ
60 ಸೆಂ.ಮೀ.: 150 ಮಿ.ಮೀ., 7–8 ಡಿಗ್ರಿ
30 ಸೆಂ.ಮೀ.: ಲೆಕ್ಕ 310 ಮಿ.ಮೀ., 19 ಡಿಗ್ರಿ ಕೇಳುತ್ತದೆ; 150 ಮಿ.ಮೀ., 16 ಡಿಗ್ರಿಗೆ ನಿಲ್ಲಿಸಿ.

ಬುಡದಲ್ಲಿ ಹೀಗೆ ಮೊಟಕು ಮಾಡಿದರೆ ನಷ್ಟ ಅಲ್ಪ, ಏಕೆಂದರೆ ಗಾಳಿಯ ಬಹುಪಾಲು ಶಕ್ತಿ ಹೊರಗಿನ ಅರ್ಧದಲ್ಲೇ ಸಿಗುತ್ತದೆ. 150 ಅಗಲಕ್ಕೆ 16 ಡಿಗ್ರಿ ಓರೆ ಅಂದರೆ 43 ಮಿ.ಮೀ. ಇಳಿತ, 45ರ ಹಲಗೆ ಸರಿಹೋಗುವುದು ಅದಕ್ಕೇ. ದಪ್ಪ ಎಲ್ಲ ಕಡೆ ಅಗಲದ ನೂರಕ್ಕೆ 12, ಅಂದರೆ ತುದಿಯಲ್ಲಿ 9 ಮಿ.ಮೀ. ಚಿಲ್ಲರೆ. ಹೆಚ್ಚಿನ ದಪ್ಪ ಮುಂದಿನ ಅಂಚಿನಿಂದ ನೂರಕ್ಕೆ 30ರ ಜಾಗದಲ್ಲಿ.

ರಾಳದಡಬ್ಬಿ

ಮರಕ್ಕೇ ಒಲವು ಅಂತಾಯ್ತು, ಆದರೂ ಫೋಮ್–ಗಾಜು ದಾರಿ ಹಿಡಿಯೋರಿಗೆ ನಾಲ್ಕು ಮಾತು. ಎಡವೋ ಕಡೆಗಳು ಗೊತ್ತಿರಬೇಕು.

ಥರ್ಮೋಕೋಲಿಗೆ ಪಾಲಿಯೆಸ್ಟರ್ ರೆಸಿನ್ ಹಚ್ಚಿದರೆ ಅದರಲ್ಲಿರೋ ಸ್ಟೈರೀನ್ ಥರ್ಮೋಕೋಲನ್ನೇ ಕರಗಿಸಿಬಿಡುತ್ತೆ. ಎಪಾಕ್ಸಿಯೇ ಬೇಕು. ಪಾಲಿಯೆಸ್ಟರೇ ಬಳಸೋದಾದರೆ ಒಳಗೆ ಪಾಲಿಯುರೆಥೇನ್ ಫೋಮ್ ಇಡಿ, ಆದರೆ ಅದನ್ನು ಕಾದ ತಂತಿಯಲ್ಲಿ ಕೊಯ್ಯಬೇಡಿ, ಹೊಗೆ ವಿಷ. ಗರಗಸ, ಮರಳು ಕಾಗದದಲ್ಲೇ ರೂಪ ಕೊಡಿ.

ಬಟ್ಟೆ ಚದರ ಮೀಟರಿಗೆ 200 ಗ್ರಾಂನದ್ದು. ಎರಡು ಪದರ ರೆಕ್ಕೆಗೆ 45 ಡಿಗ್ರಿ ಓರೆಯಾಗಿ, ಇದು ತಿರುಚು ತಡೆಯುತ್ತೆ. ಬಾಗು ತಡೆಯೋಕೆ ಮೇಲ್ಮೈ, ಕೆಳಮೈ ಎರಡರಲ್ಲೂ ಬುಡದಿಂದ ತುದಿಗೆ ಓಡುವ ಒಮ್ಮುಖ ನಾರಿನ ಪಟ್ಟಿ: ಬುಡದಲ್ಲಿ 4 ಪದರ, ತುದಿಗೆ ಹೋಗ್ತಾ ಮೆಟ್ಟಿಲಿನ ಹಾಗೆ 1ಕ್ಕೆ ಇಳಿಯಲಿ. ರೆಸಿನ್ ತೂಕ ಬಟ್ಟೆಯ ತೂಕದಷ್ಟೇ. ಹೆಚ್ಚು ಸುರಿದರೆ ಗಟ್ಟಿಯಾಗಲ್ಲ, ಬರೀ ಭಾರ ಆಗುತ್ತೆ. ಎಪಾಕ್ಸಿಯ ಎರಡು ಭಾಗವನ್ನು ತಕ್ಕಡಿಯಲ್ಲೇ ತೂಗಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗಲ್ಲ. ಒಣಗಿದ ಮೇಲೆ ಮೇಣದಂಥ ಜಿಡ್ಡು ಕೂರುತ್ತೆ, ಮುಂದಿನ ಪದರಕ್ಕೆ ಮೊದಲು ನೀರಲ್ಲಿ ತೊಳೆದು ಉಜ್ಜದಿದ್ದರೆ ಪದರ ಸುಲಿದು ಬರುತ್ತೆ.

ಮುಖ್ಯವಾದದ್ದು ಬುಡ. ಫೋಮಿನ ಮೇಲೆ ಬೋಲ್ಟ್ ಬಿಗಿದರೆ ಫೋಮ್ ಅಪ್ಪಚ್ಚಿ. ಬುಡದ 25–30 ಸೆಂ.ಮೀ.ಗೆ ಫೋಮಿನ ಬದಲು ಮರದ ತುಂಡು ಹಾಕಿ, ಅದರ ಒಳತುದಿಯನ್ನು ನೇಗಿಲ ಮೊನೆಯ ಹಾಗೆ ಉದ್ದಕ್ಕೆ ಚೂಪು ಮಾಡಿ. ಚೌಕವಾಗಿ ಕೊಯ್ದು ನಿಲ್ಲಿಸಿದರೆ ಬಿಗಿ ಮರ ಮುಗಿದು ಮೆದು ಫೋಮ್ ಶುರುವಾಗುವ ಗೆರೆಯಲ್ಲೇ ಚರ್ಮ ಬಿರಿಯುತ್ತೆ. ಬಣ್ಣ ಬಿಳಿಯೇ ಇರಲಿ. ಕೋಣೆಯ ಶಾಖದಲ್ಲಿ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿಗೆ ಮೆತ್ತಗಾಗೋಕೆ ಶುರು.

ಕಾರ್ಬನ್ ನಾರು ಈ ಅಳತೆಗೆ ದುಂದು. ಜೊತೆಗೆ ಅದು ಅಲ್ಯೂಮಿನಿಯಂ ಹಬ್ಬಿಗೆ ತಾಗಿ ಒದ್ದೆಯಾದರೆ ಅಲ್ಯೂಮಿನಿಯಂ ಕೊರೆದುಹೋಗುತ್ತೆ.

ಚೂಪುನಳಿಕೆ

3ಡಿ ಪ್ರಿಂಟ್?

ರಾಳದಡಬ್ಬಿ

ಒಳತಿರುಳಿಗೆ, ಅಚ್ಚಿಗೆ, ಆಕಾರ ಪರೀಕ್ಷಿಸೋ ಫರ್ಮಾಕ್ಕೆ ಸೈ. ಬರೀ ಪ್ರಿಂಟಿನ ರೆಕ್ಕೆ ಬೇಡ. ನಿಲ್ಲಿಸಿ ಪ್ರಿಂಟ್ ಮಾಡಿದರೆ ಪದರದ ಬೆಸುಗೆಗಳನ್ನೇ ಆ 120 ಕೆ.ಜಿ. ಜಗ್ಗುತ್ತೆ. ಪ್ರಿಂಟಿಗೆ ಬಳಸೋ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಗೇ ಸೋಲುತ್ತೆ.

ಗಾಳಿಗೂಟ

ಮರವೇ ಖಾಯಂ. ಮಳೆ ತಡೆಯೋದು, ಹಬ್ಬಿಗೆ ಕೂರಿಸೋದು ಹೇಳಿಬಿಡಿ.

ಕಂಬದಮೇಲೆ

ಮೊದಲು ಮಳೆ. 60 ಮೀಟರ್ ವೇಗದಲ್ಲಿ ಮಳೆಹನಿ ಮರಕ್ಕೆ ಉಳಿಯೇಟು. ಮುಂದಿನ ಅಂಚು, ಅದರಲ್ಲೂ ಹೊರಗಿನ ಮೂರನೇ ಒಂದು ಭಾಗ ಮೊದಲು ಸವೆಯುತ್ತೆ. ಬಣ್ಣ ಹೋಯ್ತು ಅಂದರೆ ನೀರು ನುಗ್ಗುತ್ತೆ. ತೆಳು ಎಪಾಕ್ಸಿ ಎರಡು ಕೈ, ತುದಿಯ ಅಡ್ಡಕೊಯ್ತಕ್ಕೆ ಮೂರು ಕೈ, ಯಾಕಂದರೆ ನಾರಿನ ಬಾಯಿ ಅಲ್ಲೇ ತೆರೆದಿರೋದು. ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತೆ, ಅದಕ್ಕೆ ಮೇಲೆ ಬಿಳಿ ಪಾಲಿಯುರೆಥೇನ್ ಬಣ್ಣ. ಅದರ ಮೇಲೆ ಮುಂದಿನ ಅಂಚಿಗೆ ಪಾಲಿಯುರೆಥೇನ್ ಟೇಪ್, ಹೆಲಿಕಾಪ್ಟರ್ ಟೇಪ್ ಅಂತಾರಲ್ಲ, ಅದು. ಎರಡು ಕಡೆಗೂ ಸಮ ಮಡಚಿ, ಒಳಗೆ ಗುಳ್ಳೆ ಉಳಿಯದ ಹಾಗೆ. ಟೇಪಿನ ತುದಿ ಎದ್ದರೆ ಸಿಳ್ಳೆ ಕೇಳುತ್ತೆ, ಆಗಲೇ ಇಳಿಸಿ ಬದಲಿಸಿ.

ಹಬ್ಬಿಗೆ 12 ಮಿ.ಮೀ. ಪ್ಲೈವುಡ್ ತಟ್ಟೆ ಎರಡು, 25–30 ಸೆಂ.ಮೀ. ವ್ಯಾಸ. ಮೂರು ಬುಡಗಳನ್ನು 120 ಡಿಗ್ರಿ ಮೊನೆ ಕೊಯ್ದು ನಡುವೆ ಸೇರಿಸಿ, ಹಿಂದೆ ಮುಂದೆ ತಟ್ಟೆ. ಒಂದೊಂದು ಬುಡಕ್ಕೂ ಪ್ರತಿ ಕಡೆಯಿಂದ 8–9 ಸ್ಟೇನ್‌ಲೆಸ್ ಸ್ಕ್ರೂ, ಒಂದೇ ನಾರಿನ ಗೆರೆಯಲ್ಲಿ ಸಾಲಾಗಿ ಬೇಡ, ಸೀಳಿಬಿಡುತ್ತೆ. ಸ್ಕ್ರೂ ಹಾಕುವ ಮುಂಚೆ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆಯಿರಿ. ಮೂರೂ 207.8 ಸೆಂ.ಮೀ. ಬರಬೇಕು, 3 ಮಿ.ಮೀ. ಆಚೀಚೆ ಸಾಕು.

ಸುತ್ತುಲೆಕ್ಕ

ಸಮತೋಲಕ್ಕೆ ಮೂರೂ ರೆಕ್ಕೆ ಒಂದೇ ತೂಕ ಇದ್ದರೆ ಸಾಲದು, ತೂಕ ಎಲ್ಲಿ ಕೂತಿದೆ ಎಂಬುದೂ ಒಂದೇ ಇರಬೇಕು. ಬುಡವನ್ನು ಚೂಪು ಅಂಚಿನ ಮೇಲೆ, ತುದಿಯನ್ನು ತಕ್ಕಡಿಯ ಮೇಲೆ ಅಡ್ಡಲಾಗಿ ಇಡಿ. ಎರಡು ಆಸರೆಯ ಅಂತರ ಮೂರಕ್ಕೂ ಒಂದೇ ಇರಲಿ. ತಕ್ಕಡಿ ಮೂರಕ್ಕೂ ಒಂದೇ ಅಂಕಿ ತೋರಿಸಬೇಕು. ಒಂದು ತುದಿ ನೀರು ಕುಡಿದು 20 ಗ್ರಾಂ ಹೆಚ್ಚಾದರೂ 480 ಸುತ್ತಿನಲ್ಲಿ ಸುಮಾರು 55 ನ್ಯೂಟನ್ ಬಲ ಸೆಕೆಂಡಿಗೆ 8 ಸಲ ಕಂಬವನ್ನು ಅಲುಗಿಸುತ್ತದೆ. ಸರಿಪಡಿಸಲು ಸೀಸದ ತುಂಡನ್ನು ತುದಿಗೆ ಹೊಡೆಯಬೇಡಿ, ಹಾರಿದರೆ ಗುಂಡು. ಹಬ್ಬಿನ ತಟ್ಟೆಗೆ ಬಿಗಿಯಿರಿ. ಅಕ್ಷದಿಂದ 10 ಸೆಂ.ಮೀ.ನಲ್ಲಿ ಅದೇ ಕೆಲಸಕ್ಕೆ 220 ಗ್ರಾಂ ಬೇಕು, ಚಿಂತೆಯಿಲ್ಲ.

ಮೇಲೇರಿಸುವ ಮುಂಚೆ ಹೊರೆ ಪರೀಕ್ಷೆ: ಬುಡವನ್ನು ಮೇಜಿಗೆ ಬಿಗಿದು, ಅಕ್ಷದಿಂದ 80 ಸೆಂ.ಮೀ. ದೂರದಲ್ಲಿ 35 ಕೆ.ಜಿ. ಮರಳು ಚೀಲ ನೇತುಹಾಕಿ. 12 ಮೀಟರ್ ಗಾಳಿಯ ಒತ್ತಿನ ಮೂರು ಪಟ್ಟು ಅದು. ಗಾಳಿ ತಾಗುವ ಚಪ್ಪಟೆ ಮೈ ಮೇಲಕ್ಕಿರಲಿ. ತುದಿ ಎಷ್ಟು ಇಳಿಯಿತು ಅಳೆಯಿರಿ. ರೆಕ್ಕೆಗೂ ಕಂಬಕ್ಕೂ ನಡುವಿನ ಜಾಗ ಅದಕ್ಕಿಂತ ಹೆಚ್ಚಿರಬೇಕು. ಚಟ್ ಅಂತ ಸದ್ದು ಬಂದ ರೆಕ್ಕೆಯನ್ನು ಏರಿಸಬೇಡಿ.

ಗಾಳಿಗೂಟ

ಚೀಲ ತೆಗೆದ ಮೇಲೆ ತುದಿ ಪೂರ್ತಿ ವಾಪಸ್ ಬರದಿದ್ದರೆ?

ಸುತ್ತುಲೆಕ್ಕ

2–3 ಮಿ.ಮೀ. ಕೆಳಗೆ ಉಳಿದು ಕೆಲವು ಗಂಟೆಯಲ್ಲಿ ಮೇಲೆ ಬಂದರೆ ಮರದ ಸ್ವಭಾವ, ಸರಿ. ಮರುದಿನವೂ ಕೆಳಗೇ ಇದ್ದರೆ ಒಳಗೆ ನಾರು ಕುಸಿದಿದೆ ಅಥವಾ ಅಂಟು ಜಾರಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಚಪ್ಪಟೆ ಮೈಯನ್ನೂ ದುಂಡು ಮೈಯನ್ನೂ ಓರೆ ಬೆಳಕಿನಲ್ಲಿ ನೋಡಿ: ದುಂಡು ಮೈಯಲ್ಲಿ ಅಡ್ಡಕ್ಕೆ ಸುಕ್ಕಿನಂಥ ಗೆರೆ ಕಂಡರೆ ಒತ್ತಡಕ್ಕೆ ನಾರು ಮಡಚಿದೆ ಅಂತ. ಆ ರೆಕ್ಕೆ ಸೌದೆಗೆ.

ಕಂಬದಮೇಲೆ

ಒಂದು ಸೇರಿಸಿ. ಹೊಸ ಮರ ಮೊದಲ ಬೇಸಿಗೆಯಲ್ಲಿ ಕುಗ್ಗುತ್ತೆ, ಹಬ್ಬಿನ ಬೋಲ್ಟ್ ಸಡಿಲ ಆಗುತ್ತೆ. ಆಗ ಎರಡು ವಾರಕ್ಕೊಮ್ಮೆ, ಮುಂದೆ ಪ್ರತಿ ಮಳೆಗಾಲದ ಮುಂಚೆಯೂ ಆಮೇಲೂ ಬಿಗಿಯಿರಿ. ಅಗಲದ ವಾಷರ್ ಹಾಕಿ, ಇಲ್ಲದಿದ್ದರೆ ಬೋಲ್ಟಿನ ತಲೆ ಪ್ಲೈವುಡ್ಡಿನೊಳಗೆ ಇಳಿದುಬಿಡುತ್ತೆ. ಮೇಲೆ ಹೋಗುವ ಮುಂಚೆ ಜನರೇಟರಿನ ಮೂರು ತಂತಿ ಶಾರ್ಟ್ ಮಾಡಿ ಚಕ್ರ ನಿಲ್ಲಿಸಿ, ಹಗ್ಗದಲ್ಲಿ ರೆಕ್ಕೆ ಕಟ್ಟಿ. ಚಕ್ರ ತಿರುಗುವಾಗ ಅದರ ನೇರಕ್ಕೆ ಕೆಳಗೆ ಯಾರೂ ನಿಲ್ಲದಿರಲಿ, ತುಂಡು ಹಾರುವುದು ಆ ಸಾಲಿನಲ್ಲೇ.